ಹಲಸಿನ ಮೇಜಿನ ಕುಳಿ

ನಮ್ಮ ಮನೆಯಲ್ಲಿ ಹಲಸಿನ ಮರದ ಒಂದು ಗಿಡ್ಡ ಮೇಜಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಎದೆಯ ಮಟ್ಟಕ್ಕೆ ಬರುತ್ತದೆ. ಅದರ ಒಂದು ಬದಿಯಲ್ಲಿ, ಅಂಚಿನಿಂದ ಒಂದು ಗೇಣು ಒಳಗೆ, ಹುಣಸೆಬೀಜ ಕೂರುವಷ್ಟು ಅಗಲದ ಒಂದು ಕುಳಿಯಿದೆ. ಹುಣಸೆಬೀಜ ಎಂದದ್ದು ಬರಿಯ ಹೋಲಿಕೆಗಲ್ಲ. ಏಳನೇ ಕ್ಲಾಸಿನಲ್ಲಿರುವ ನನ್ನ ಮೊಮ್ಮಗಳು ಸಿರಿ, ಚೌಕಾಬಾರ ಆಡಿ ಮುಗಿದ ಮೇಲೆ, ನಿಜವಾಗಿಯೂ ಅದರಲ್ಲೊಂದು ಬೀಜವಿಟ್ಟು ಬೆರಳಿನಿಂದ ತಿರುಗಿಸುತ್ತಾ ಕೂರುತ್ತಾಳೆ. ಒಂದು ದಿನ ಕೇಳಿದಳು, "ತಾತ, ಇದನ್ನ ಯಾರು ಕೊರೆದಿದ್ದು?" ನಾನು, "ಹುಳ ತಿಂದಿದ್ದು ಪುಟ್ಟಾ" ಎಂದುಬಿಟ್ಟೆ. ಹಲಸಿನ ಮರಕ್ಕೆ ಅಷ್ಟು ಸುಲಭವಾಗಿ ಹುಳ ಹತ್ತುವುದಿಲ್ಲ ಎಂಬುದು ಆ ಮಗುವಿಗೆ ಗೊತ್ತಿರಲಿಲ್ಲ. ಆ ಹುಳ ನಾನೇ ಎಂಬುದೂ ಆಗ ಗೊತ್ತಿರಲಿಲ್ಲ.

ನೀವು ಇದನ್ನು ಓದುವಷ್ಟು ಹೊತ್ತು ನನ್ನ ಎದುರಿಗೆ ಕೂತಿದ್ದೀರಿ ಎಂದೇ ತಿಳಿದು ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಅದಕ್ಕಿಂತ ಮೇಲಕ್ಕೆ ಹೋಗಲಿಲ್ಲ. ಹಾಗಿದ್ದರೂ ಭದ್ರಾವತಿಯ ನ್ಯೂಟೌನಿನಲ್ಲಿ ಹದಿನೇಳು ಹದಿನೆಂಟು ವರ್ಷ ಜನ ನನ್ನನ್ನು ಮೇಷ್ಟ್ರೇ ಎಂದು ಕರೆದರು. ಕೆಲಸ ಕಾರ್ಖಾನೆಯಲ್ಲಿ, ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ. ಪಾಠ ಸಂಜೆ, ಕ್ವಾರ್ಟರ್ಸಿನ ಜಗುಲಿಯಲ್ಲಿ. ನಮ್ಮ ಸಾಲಿನಲ್ಲೇ ಇನ್ನಿಬ್ಬರು ಟ್ಯೂಷನ್ ಹೇಳುತ್ತಿದ್ದರು. ಅವರ ಮನೆ ಮುಂದೆ ಮದುವೆ ಮನೆಯ ಹಾಗೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ನಮ್ಮ ಬಾಗಿಲಲ್ಲಿ ಮಾತ್ರ ಯಾವಾಗಲೂ ಒಂದೇ ಜೊತೆ ಚಪ್ಪಲಿ. ಒಂದು ಗಂಟೆಗೆ ಒಂದೇ ಮಗು ಎಂಬುದು ನನ್ನ ನಿಯಮ, ನನ್ನ ಹೆಮ್ಮೆ. ಬಾವಿಕಟ್ಟೆಯಲ್ಲಿ ನಿಂತು ಹತ್ತು ಕೊಡಗಳಿಗೆ ಒಟ್ಟಿಗೆ ನೀರು ಸುರಿದರೆ ಯಾವುದು ತುಂಬೀತು, ಯಾವುದು ಬರಿದಾಗಿ ಉಳಿದೀತು, ಒಂದೊಂದನ್ನೇ ಕೈಯಲ್ಲಿ ಹಿಡಿದು ತುಂಬಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಮಾತು ಚೆನ್ನಾಗಿಯೇ ಇತ್ತು. ಚೆನ್ನಾಗಿರುವ ಮಾತನ್ನು ಪದೇ ಪದೇ ಆಡುತ್ತಿದ್ದರೆ ಅದು ನಿಜವೋ ಅಲ್ಲವೋ ಎಂದು ನೋಡುವ ಗೊಡವೆಗೆ ನಾವು ಹೋಗುವುದಿಲ್ಲ.

ಇನ್ನು ಆ ಕುಳಿಯ ವಿಷಯ. ನಮ್ಮ ಹಳೆಯ ವೇಬ್ರಿಡ್ಜಿನಲ್ಲಿ ದೊಡ್ಡದೊಂದು ಗುಂಡನೆಯ ಗಾಜು, ಅದರೊಳಗೆ ಗಡಿಯಾರದ ಹಾಗೆ ಒಂದು ಮುಳ್ಳು. ಲಾರಿ ಬಂದು ನಿಂತರೆ ಮುಳ್ಳು ಎದ್ದು ಓಡಿ ಒಂದು ಕಡೆ ನಿಲ್ಲುತ್ತಿತ್ತು. ಆದರೆ ಧೂಳು ಹಿಡಿದ ಯಂತ್ರ, ಕೆಲವು ಸಲ ಮುಳ್ಳು ನಡುವೆಯೇ ಅಂಟಿಕೊಂಡು ಸುಳ್ಳು ತೂಕ ತೋರಿಸುತ್ತಿತ್ತು. ಅದಕ್ಕೇ ಗಾಜಿನ ಮೇಲೆ ಪೆನ್ನಿನ ಹಿಂಭಾಗದಿಂದ ಟಕ್ ಟಕ್ ಎಂದು ಬಡಿದು, ಮುಳ್ಳು ಅಲುಗಾಡದಿದ್ದರೆ ಮಾತ್ರ ತೂಕ ಬರೆದುಕೊಳ್ಳುವುದು ವಾಡಿಕೆ. ದಿನಕ್ಕೆ ನೂರಾರು ಸಲ ಬಡಿದು ಬಡಿದು ಆ ಟಕ್ ಟಕ್ ನನ್ನ ಕೈಯಲ್ಲೇ ಮನೆ ಮಾಡಿತು. ಸಂಜೆ ಮಗುವಿನ ಎದುರಿಗೆ ಕೂತಾಗಲೂ, ಹಿತ್ತಾಳೆಯ ಟೋಪಿಯಿದ್ದ ಅದೇ ಪೆನ್ನಿನಿಂದ ಮೇಜನ್ನು ಮೆಲ್ಲಗೆ ತಟ್ಟುತ್ತಿರುತ್ತಿದ್ದೆ. ಮಗು ಲೆಕ್ಕವನ್ನು ಸರಿಯಾಗಿ ಬಿಡಿಸುತ್ತಿರುವಷ್ಟು ಹೊತ್ತು ಪೆನ್ನು ತಟ್ಟುತ್ತಿತ್ತು. ತಪ್ಪುವ ಕಡೆಗೆ ಹೊರಳಿತೆಂದರೆ ನನಗೇ ಅರಿವಿಲ್ಲದೆ ಕೈ ನಿಂತುಬಿಡುತ್ತಿತ್ತು. ಅದನ್ನು ನಾನು ಉತ್ತೇಜನವೆಂದು ತಿಳಿದಿದ್ದೆ, ಗಾಡಿ ಹೊಡೆಯುವವನು ಎತ್ತಿನ ಬೆನ್ನಿನ ಮೇಲೆ ಕೈಯಾಡಿಸುವ ಹಾಗೆ.

ಕಸ್ತೂರಿ ನನ್ನಲ್ಲಿಗೆ ಬಂದಾಗ ಒಂಬತ್ತನೇ ಕ್ಲಾಸು. ಅವಳ ಅಪ್ಪ ಆರುಮುಗಂ ನಮ್ಮ ಕಾರ್ಖಾನೆಯ ಎರಕದ ವಿಭಾಗದಲ್ಲಿ ಮರಳಿನ ಅಚ್ಚು ಕಟ್ಟುವವನು. ಅವನ ತಂದೆಯ ಕಾಲಕ್ಕೇ ತಮಿಳುನಾಡಿನಿಂದ ಬಂದು ಇಲ್ಲಿ ನೆಲೆಯಾದವರು. ಕೈಕಾಲಿನ ಸಂದುಗಳಲ್ಲೆಲ್ಲ ಕರಿ ಮರಳು ಹೊತ್ತ, ಸದಾ ನಗುವ ಮನುಷ್ಯ. ಮಗಳನ್ನು ಮೊದಲ ದಿನ ಕರೆದುಕೊಂಡು ಬಂದವನು ಜಗುಲಿಯ ಕೆಳಗೇ ನಿಂತು ಹೇಳಿದ, "ಮೇಷ್ಟ್ರೇ, ಇವ್ಳು ನರ್ಸ್ ಆಗ್ಬೇಕಂತೆ. ಮನೇಲಿ ಗೊಂಬೆಗೆಲ್ಲ ಇಂಜೆಕ್ಷನ್ ಚುಚ್ಚಿ ಮುಗೀತು, ಈಗ ನನ್ ತೋಳ್ ನೋಡ್ತವ್ಳೆ. ಲೆಕ್ಕ ಒಂದು ದಾಟಿಸಿಬಿಡಿ, ಮಿಕ್ಕಿದ್ದೆಲ್ಲ ಅವ್ಳೇ ಈಜ್ಕೋತಾಳೆ." ಕಸ್ತೂರಿ ಅಪ್ಪನ ಬೆನ್ನಿಗೆ ಮೆಲ್ಲಗೆ ಗುದ್ದಿದಳು. ಆಮೇಲೆ ನನ್ನ ಮುಖ ನೋಡಿದಳು, ನಾನು ನಕ್ಕೆನೋ ಇಲ್ಲವೋ ಎಂದು. ಆ ನೋಟದಲ್ಲೇ ಮುಂದಿನದೆಲ್ಲ ಇತ್ತು ಎಂದು ಈಗ ಅನ್ನಿಸುತ್ತದೆ. ಎದುರಿಗಿದ್ದವರ ಮುಖದಲ್ಲಿ ಉತ್ತರ ಹುಡುಕುವ ಮಗು ಅದು. ಅಂಥ ಮಕ್ಕಳನ್ನು ದೊಡ್ಡವರು ಚೂಟಿ ಎಂದು ಮೆಚ್ಚಿಕೊಳ್ಳುತ್ತೇವೆ.

ನಾನೂ ಮೆಚ್ಚಿಕೊಂಡೆ. ಎರಡೇ ತಿಂಗಳಲ್ಲಿ ಅವಳು ನನ್ನೆದುರು ಬೀಜಗಣಿತದ ಲೆಕ್ಕಗಳನ್ನು ನೀರು ಕುಡಿದಷ್ಟು ಸಲೀಸಾಗಿ ಬಿಡಿಸತೊಡಗಿದಳು. ಕೂಡುವ ಚಿಹ್ನೆ ಹಾಕಲು ಪೆನ್ಸಿಲು ಎತ್ತುವಳು, ಅರೆಗಳಿಗೆ ನಿಲ್ಲುವಳು, ಅದನ್ನು ಕಳೆಯುವ ಚಿಹ್ನೆಯಾಗಿ ಮಾಡುವಳು, ಮುಂದೆ ಹೋಗುವಳು. ನಾನು ಆ ನಿಲ್ಲುವಿಕೆಯನ್ನು ಯೋಚನೆ ಎಂದುಕೊಂಡೆ. ಹಜಾರದಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದ ನನ್ನ ಹೆಂಡತಿ ಸರೋಜ ಒಂದು ದಿನ ಹುಡುಗಿ ಹೋದ ಮೇಲೆ ಅಂದಳು, "ಏನ್ರೀ, ಆ ಮಗು ಪುಸ್ತಕಾನೇ ನೋಡಲ್ಲ. ನಿಮ್ಮ ಕೈ ನೋಡುತ್ತೆ."

"ನಿನಗೆ ಅಕ್ಕೀಲಿ ಕಲ್ಲು ಕಾಣೋದು ಬಿಟ್ಟು ಇದೆಲ್ಲ ಯಾಕೆ ಕಾಣುತ್ತೆ ಮಾರಾಯ್ತಿ" ಎಂದು ನಕ್ಕುಬಿಟ್ಟೆ. ಅವಳೂ ನಕ್ಕಳು. ಈಗ ಅವಳಿಲ್ಲ. ನಾನು ನಗೆಯಾಡಿ ಕಳೆದ ಅವಳ ಮಾತುಗಳು ಎಷ್ಟಿದ್ದವೋ, ಅವುಗಳಲ್ಲಿ ಇದೊಂದು ಮಾತ್ರ ಕಲ್ಲಾಗಿ ಹಲ್ಲಿಗೆ ಸಿಕ್ಕುತ್ತಲೇ ಇದೆ.

ಕಸ್ತೂರಿ ಹತ್ತನೇ ಕ್ಲಾಸಿಗೆ ಬಂದ ವರ್ಷ, ಪರೀಕ್ಷೆಗೆ ಇನ್ನು ಮೂರು ತಿಂಗಳು ಇದ್ದಾಗ, ಲಾರಿಯೊಂದರ ಹಿಂಬದಿಯ ಕಬ್ಬಿಣದ ಬಾಗಿಲು ಕಳಚಿ ಬಿದ್ದು ನನ್ನ ಬಲಗೈ ಜಜ್ಜಿತು. ಒಂದು ವಾರ ಕೈಗೆ ಬ್ಯಾಂಡೇಜು ಸುತ್ತಿ ಕೊರಳಿಗೆ ನೇತುಹಾಕಿಕೊಂಡಿದ್ದೆ. ಪಾಠ ನಿಲ್ಲಿಸಲಿಲ್ಲ, ಬಾಯಿಗೇನು ಪೆಟ್ಟಾಗಿರಲಿಲ್ಲವಲ್ಲ. ಕಸ್ತೂರಿ ಬಂದು ಕೂತಳು. ಹಿಂದಿನ ವಾರವಷ್ಟೇ ಮಾಡಿದ್ದ ಲೆಕ್ಕವನ್ನು ಕೊಟ್ಟೆ. ಅವಳು ಪೆನ್ಸಿಲು ಎತ್ತಿದಳು, ನಿಂತಳು, ನನ್ನ ಬ್ಯಾಂಡೇಜನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕೂಡುವ ಚಿಹ್ನೆ ಹಾಕಿದಳು, ಅಳಿಸಿದಳು, ಕಳೆಯುವ ಚಿಹ್ನೆ ಹಾಕಿದಳು, ಮತ್ತೆ ಅಳಿಸಿದಳು. ಕಾಗದ ಸವೆದು ತೂತಾಯಿತು. ಇನ್ನೊಂದು ಲೆಕ್ಕ ಕೊಟ್ಟೆ, ಅದಕ್ಕಿಂತ ಸುಲಭದ್ದು. ಆಮೇಲೆ ಆರನೇ ಕ್ಲಾಸಿನ ಭಿನ್ನರಾಶಿ. ಯಾವುದೂ ಇಲ್ಲ. ಆ ಮಗು ಒಂದೂವರೆ ವರ್ಷ ಗಣಿತ ಕಲಿತಿರಲಿಲ್ಲ, ನನ್ನನ್ನು ಕಲಿತಿತ್ತು.

ಅವಳ ತಪ್ಪು ಇದರಲ್ಲಿ ಏನಿತ್ತು, ನೀವೇ ಹೇಳಿ. ಶಾಲೆಯಲ್ಲಿ ಅರವತ್ತು ಮಕ್ಕಳ ನಡುವೆ ಹಿಂದಿನ ಬೆಂಚಿನಲ್ಲಿ ಕೂತ ಮಗುವಿಗೆ ತಪ್ಪು ಮಾಡುವ ಏಕಾಂತವಾದರೂ ಸಿಗುತ್ತದೆ. ತಪ್ಪಿ, ತಪ್ಪಿದೆನೆಂದು ತಾನೇ ಅರಿತು, ಯಾರಿಗೂ ಕಾಣದಂತೆ ಅಳಿಸಿ, ಮತ್ತೆ ಬರೆಯುವ ಬಿಡುವು ಸಿಗುತ್ತದೆ. ನಾನು ಅವಳಿಗೆ ಆ ಬಿಡುವನ್ನೇ ಕೊಟ್ಟಿರಲಿಲ್ಲ. ಎರಡು ಅಡಿ ದೂರದಲ್ಲಿ ಕೂತು, ಅವಳ ಪ್ರತಿಯೊಂದು ಅಂಕಿಯ ಮೇಲೂ ನನ್ನ ಉಸಿರು ತಾಗುವ ಹಾಗೆ ಬಾಗಿ, ತಪ್ಪು ಹುಟ್ಟುವ ಮೊದಲೇ ಅದರ ಕತ್ತು ಹಿಚುಕುತ್ತಿದ್ದೆ. ತಪ್ಪು ಬೆಳೆದು ದೊಡ್ಡದಾದಾಗಲೇ ಅದರ ಮುಖ ಕಾಣುವುದು, ಅಯ್ಯೋ ಇದು ಹೀಗಲ್ಲ ಎಂದು ಮಗು ತಾನೇ ನಾಚುವುದು. ಆ ನಾಚಿಕೆಯ ಹೆಸರೇ ಕಲಿಕೆ ಎಂದು ತಿಳಿಯಲು ನನಗೆ ಎಪ್ಪತ್ತು ದಾಟಬೇಕಾಯಿತು.

ಆದರೆ ತಿಳಿಯದೆ ಮಾಡಿದ್ದು ಅಷ್ಟೂ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ತಿಳಿದೂ ಮಾಡಿದ್ದು. ಆ ವಾರ ನಾನು ಆರುಮುಗಂನನ್ನು ಕರೆದು, "ತಪ್ಪು ನನ್ನದು, ಅಡಿಪಾಯವೇ ಬಿದ್ದಿಲ್ಲ, ಮೊದಲಿಂದ ಹೇಳಿಕೊಡಬೇಕು, ಈ ವರ್ಷ ಆಗದಿದ್ದರೆ ಮರುವರ್ಷ" ಎಂದು ಹೇಳಬೇಕಿತ್ತು. ಮೂರು ತಿಂಗಳು ಸಣ್ಣ ಕಾಲವೂ ಅಲ್ಲ. ಆದರೆ ಮೇಷ್ಟ್ರ ಕೈಗೆ ಬಿದ್ದ ಮಕ್ಕಳು ಫೇಲಾಗಲ್ಲ ಎಂಬ ಮಾತು ನ್ಯೂಟೌನಿನ ಬೀದಿಗಳಲ್ಲಿ ಓಡಾಡುತ್ತಿತ್ತು, ಮತ್ತು ಅದು ನನ್ನ ಮನೆಯೊಳಗೂ ಬಂದು ಕುರ್ಚಿ ಹಾಕಿಕೊಂಡು ಕೂತಿತ್ತು. ಎಸ್ಸೆಸ್ಸೆಲ್ಸಿ ಓದಿದವನನ್ನು ಜನ ಮೇಷ್ಟ್ರೇ ಎನ್ನುವುದು ನಿಂತುಹೋದರೆ ನಾನು ಬರೀ ವೇಬ್ರಿಡ್ಜಿನವನಾಗಿ ಉಳಿಯುತ್ತಿದ್ದೆ. ಮರುದಿನ ನಾನು ಪೆನ್ನನ್ನು ಎಡಗೈಯಲ್ಲಿ ಹಿಡಿದು ತಟ್ಟತೊಡಗಿದೆ. ಟಕ್ ಟಕ್ ಕೇಳಿದೊಡನೆ ಆ ಹುಡುಗಿಯ ಮುಖ ಹೇಗೆ ಅರಳಿತು ಅಂತೀರಿ. ಲೆಕ್ಕಗಳೆಲ್ಲ ಮತ್ತೆ ಸರಿಯಾದವು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಸ್ತೂರಿ ಗಣಿತದಲ್ಲಿ ಫೇಲಾದಳು. ಮಿಕ್ಕ ಐದರಲ್ಲೂ ಪಾಸು.

ಫಲಿತಾಂಶದ ಸಂಜೆ ಆರುಮುಗಂ ಮಗಳನ್ನು ಕರೆದುಕೊಂಡು ಬಂದ. ಅವನಿಗೆ ನನ್ನ ಮೇಲೆ ಕೋಪವಿರಲಿಲ್ಲ, ಅದೇ ದೊಡ್ಡ ಸಂಕಟ. ಮೇಷ್ಟ್ರ ಹೆಸರಿಗೆ ಮಸಿ ಬಳಿದೆವಲ್ಲ ಎಂದು ಅವನೇ ತಲೆ ತಗ್ಗಿಸಿ ನಿಂತಿದ್ದ. ನಾವು ಮೂವರೂ ಈ ಮೇಜಿನ ಸುತ್ತ ಕೂತೆವು. "ಎಲ್ಲಿ ತಪ್ಪಾಯ್ತು ಮೇಷ್ಟ್ರೇ? ನೀವು ಸುಳ್ಳು ಹೇಳೋರಲ್ಲ, ಹೇಳ್ಬಿಡಿ" ಎಂದ.

ನಾನು ಹೇಳಿದೆ, "ನೋಡು ಆರುಮುಗಂ, ನನ್ನ ಕೈಲಾದಷ್ಟು ಹೇಳಿಕೊಟ್ಟೆ. ಇಲ್ಲಿ ಕೂತಾಗ ಎಲ್ಲಾ ಮಾಡ್ತಾಳೆ. ಮನೆಗೆ ಹೋಗಿ ತಿರುವಿ ಹಾಕಲ್ಲ ಅನ್ನಿಸುತ್ತೆ."

ಅವನು ಮಗಳ ಕಡೆ ತಿರುಗಿದ. "ಮನೇಲಿ ಓದ್ತಿರ್ಲಿಲ್ವಾ ನೀನು?"

"ಓದ್ತಿದ್..." ಎಂದು ಶುರು ಮಾಡಿದವಳು ನಡುವೆಯೇ ನಿಂತಳು. ನಿಂತು, ನನ್ನ ಕೈ ನೋಡಿದಳು. ಪೆನ್ನು ನನ್ನ ಬೆರಳುಗಳ ನಡುವೆಯೇ ಇತ್ತು, ಅದರ ಹಿತ್ತಾಳೆಯ ಟೋಪಿ ಸರಿಯಾಗಿ ಈ ಕುಳಿಯೊಳಗೆ ಕೂತಿತ್ತು. ನಾನು ಅದನ್ನು ಅಲುಗಾಡಿಸಲಿಲ್ಲ. ಒಂದೇ ಒಂದು ಸಲ ತಟ್ಟಿದ್ದರೆ ಸಾಕಿತ್ತು ಎಂದು ಆ ಮೇಲಿನ ವರ್ಷಗಳಲ್ಲಿ ಎಷ್ಟು ಸಲ ಅಂದುಕೊಂಡಿದ್ದೇನೋ. ಪೆನ್ನು ಸುಮ್ಮನಿತ್ತು. ಸುಮ್ಮನಿದ್ದರೆ ತಪ್ಪು ಎಂದು ಅರ್ಥ. ಅವಳು ಉತ್ತರ ಬದಲಾಯಿಸಿದಳು.

"ಇಲ್ಲಪ್ಪಾ. ಓದ್ತಿರ್ಲಿಲ್ಲ."

ಆರುಮುಗಂ ಎದ್ದು ನಿಂತ. ಮತ್ತೆ ಪರೀಕ್ಷೆ ಕಟ್ಟಿಸಲೇ ಎಂದು ಕೇಳಿದ. ಕಟ್ಟಿಸಿದರೆ ಅವಳು ಬೇರೆ ಯಾರಾದರೊಬ್ಬರ ಎದುರಿಗೆ ಹೋಗಿ ಕೂರುತ್ತಾಳೆ, ಅವರಿಗೆ ಒಂದೇ ಗಂಟೆಯಲ್ಲಿ ನನ್ನ ಪಾಠದ ಬಣ್ಣ ತಿಳಿಯುತ್ತದೆ ಎಂಬ ಹೆದರಿಕೆ. "ಸುಮ್ನೆ ಯಾಕೆ ಮಗೂಗೆ ಹಿಂಸೆ" ಎಂದೆ. ಹಿಂಸೆ ಎಂಬ ಮಾತು ನನ್ನ ಬಾಯಿಂದ ಬಂತು. ಅದಾದ ಮೇಲೆ ಅವಳನ್ನು ಹೊಲಿಗೆ ಕಲಿಯಲು ಹಾಕಿದರೆಂದು, ಆಮೇಲೆ ಶಿವಮೊಗ್ಗಕ್ಕೆ ಮದುವೆ ಮಾಡಿ ಕೊಟ್ಟರೆಂದು ಕೇಳಿದೆ. ನಾನು ಟ್ಯೂಷನ್ ನಿಲ್ಲಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇನ್ನೂ ನಾಲ್ಕು ವರ್ಷ ನಡೆಸಿದೆ. ಪೆನ್ನನ್ನು ಮಾತ್ರ ಟ್ರಂಕಿಗೆ ಹಾಕಿದೆ. ಸ್ವಯಂ ನಿವೃತ್ತಿ ತೆಗೆದುಕೊಂಡು, ಸರೋಜ ಹೋದ ಮೇಲೆ ಶಿವಮೊಗ್ಗದ ದುರ್ಗಿಗುಡಿಗೆ ಮಗಳ ಮನೆಗೆ ಬಂದಾಗ ಈ ಮೇಜೂ ಜೊತೆಗೆ ಬಂತು.

ಹೀಗೆ ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದು ಹೊರಗೆ ಬಂದದ್ದು ಒಂದು ಗಿಳಿಯಿಂದ. ಮೊಮ್ಮಗಳಿಗೆ ಈಗ ಟ್ಯಾಬಿನಲ್ಲಿ ಪಾಠ. ಪ್ರತಿ ಮಗುವಿನ ಬುದ್ಧಿಯ ಅಳತೆ ನೋಡಿ ಅದಕ್ಕೆ ತಕ್ಕಂತೆ ಹೇಳಿಕೊಡುತ್ತದಂತೆ. ನನ್ನ ಮಗಳು ಹಾಗೆಂದಾಗ ನನಗೆ ನನ್ನದೇ ಹಳೆಯ ಕೊಡದ ಮಾತು ಕೇಳಿದಂತಾಯಿತು. ಪರದೆಯ ಮೂಲೆಯಲ್ಲಿ ಒಂದು ಹಸಿರು ಗಿಳಿ ಕೂತಿರುತ್ತದೆ. ಸಿರಿ ಪಟಪಟನೆ ಹತ್ತಕ್ಕೆ ಹತ್ತು ಸರಿ ಮಾಡಿದ್ದು ನೋಡಿ, "ಭೇಷ್, ಅಷ್ಟು ಬೇಗ ಹೇಗೆ ಮಾಡ್ತೀಯೇ?" ಎಂದೆ. ಅವಳು ಗುಟ್ಟು ಹೇಳುವವಳಂತೆ ಕಿವಿಯ ಹತ್ತಿರ ಬಂದಳು. "ತಾತ, ಅಮ್ಮಂಗೆ ಹೇಳ್ಬೇಡ. ತಪ್ಪು ಉತ್ತರದ ಮೇಲೆ ಬೆರಳಿಟ್ರೆ ಒತ್ತೋಕೆ ಮುಂಚೇನೇ ಗಿಳಿ ಕತ್ತು ಬಗ್ಗಿಸುತ್ತೆ. ಆಗ ಬೇರೇದು ಒತ್ತಿದ್ರಾಯ್ತು. ಲೆಕ್ಕ ಯಾಕೆ ಮಾಡ್ಬೇಕು?"

ಗಿಳಿಗೆ ಪಾಪ ತಾನೇನು ಮಾಡುತ್ತಿದ್ದೇನೆಂದು ಗೊತ್ತಿಲ್ಲ. ನಾನು ಆ ದಿನ ಊಟ ಮಾಡಲಿಲ್ಲ.

ಅದಾಗಿ ಒಂದು ತಿಂಗಳಿಗೆ ನನ್ನ ಎಡಗಣ್ಣಿನ ಪೊರೆ ತೆಗೆಸಲು ಊರಿನ ಒಂದು ಆಸ್ಪತ್ರೆಗೆ ಸೇರಿದೆ. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಗಾಲಿಕುರ್ಚಿ ತಳ್ಳಿಕೊಂಡು ಬಂದ ಆಯಾ, ನೀಲಿ ಸೀರೆಯ ಹೆಂಗಸು, ಚೀಟಿಯಲ್ಲಿದ್ದ ನನ್ನ ಹೆಸರು ಓದಿ ಕುರ್ಚಿ ನಿಲ್ಲಿಸಿದಳು. "ಸಾರ್, ನಾನು ಕಸ್ತೂರಿ. ನ್ಯೂಟೌನು. ಆರುಮುಗಂ ಮಗಳು" ಎಂದಳು. ಒಂದೇ ಕಣ್ಣಿನಲ್ಲಿ ನೋಡಿದೆ. ಕೂದಲು ಅಲ್ಲಲ್ಲಿ ನೆರೆತಿದೆ, ನಗು ಅಪ್ಪನದೇ. ನರ್ಸ್ ಆಗಬೇಕೆಂದಿದ್ದ ಹುಡುಗಿ ನರ್ಸುಗಳ ಹಿಂದೆ ಬಕೆಟ್ಟು ಹಿಡಿದು ನಡೆಯುವ ಕೆಲಸದಲ್ಲಿದ್ದಳು. ರಾಗಿಗುಡ್ಡದಲ್ಲಿ ಮನೆ, ಗಂಡ ಆಟೋ ಓಡಿಸುತ್ತಾನೆ ಎಂದಳು. ನನ್ನ ಮಗಳಿಗೆ ಔಷಧಿಯ ಚೀಟಿ ವಿವರಿಸಿದ್ದೂ ಅವಳೇ. ಯಾವ ಹನಿ ಎಷ್ಟು ಗಂಟೆಗೊಮ್ಮೆ, ದಿನಕ್ಕೆ ಎಷ್ಟು, ಒಂದು ಸೀಸೆ ಎಷ್ಟು ದಿನ ಬಂದೀತು, ಎಲ್ಲವನ್ನೂ ಬೆರಳು ಕೂಡ ಮಡಿಸದೆ ಹೇಳಿದಳು. ಮಗಳು ಔಷಧಿ ತರಲು ಹೋದಾಗ ನಾನು ತಡೆಯಲಾರದೆ, "ಲೆಕ್ಕ ಚೆನ್ನಾಗಿ ಬರುತ್ತಲ್ಲಮ್ಮ ನಿನಗೆ" ಎಂದೆ.

"ಹೂಂ ಸಾರ್, ಈಗ ಬರುತ್ತೆ" ಎಂದಳು ಹಾಸಿಗೆಯ ಬಟ್ಟೆ ಕೊಡವುತ್ತಾ. "ಯಾರೂ ಎದುರಿಗೆ ಕೂರ್ಲಿಲ್ವಲ್ಲ, ತಾನಾಗೇ ಬಂತು."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. ನಾನು ಅಲ್ಲೇ, ಆ ವಾರ್ಡಿನಲ್ಲೇ ಹೇಳಿಬಿಟ್ಟೆ. ಪೆನ್ನಿನ ವಿಷಯ, ಎಡಗೈಯ ವಿಷಯ, ಆ ಸಂಜೆ ತಟ್ಟದೆ ಸುಮ್ಮನಿದ್ದ ವಿಷಯ. ಅವಳು ನನ್ನ ಪಟ್ಟಿಯ ಅಂಚನ್ನು ಸರಿಮಾಡುತ್ತಾ ಕೇಳಿದಳು. "ಕಣ್ಣೀರು ಹಾಕ್ಬೇಡಿ ಸಾರ್, ಆಪರೇಷನ್ ಆಗಿರೋ ಕಣ್ಣು" ಎಂದಳು ಮೊದಲು. ಆಮೇಲೆ ಹೇಳಿದಳು, "ನಂಗೆ ಆಗ್ಲೇ ಗೊತ್ತಿತ್ತು. ಎಡಗೈಲಿ ತಟ್ಟೋಕೆ ಶುರು ಮಾಡಿದ್ರಲ್ಲ, ಆಗ ನಿಮಗೂ ಗೊತ್ತಾಗಿದೆ ಅಂತ ಗೊತ್ತಾಯ್ತು. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ." ಹಾಗೆಂದು ಅವಳೇ ನಕ್ಕಳು. "ಪರೀಕ್ಷೆ ಹಾಲ್‌ನಲ್ಲಿ ಒಬ್ರು ಬೂಟು ಹಾಕ್ಕೊಂಡು ಓಡಾಡ್ತಿದ್ರು ಸಾರ್. ಟಕ್ ಟಕ್ ಅನ್ನೋದು. ಅವ್ರು ನಿಂತಾಗೆಲ್ಲ ನಾನು ಅಳಿಸ್ತಿದ್ದೆ. ಪಾಪ ಅವ್ರು ಕಾಲು ನೋವು ಅಂತ ತುಂಬಾ ಸಲ ನಿಂತ್ಕೊಂಡ್ರು."

ಅವಳ ಜೊತೆಗೆ ನಗಲು ನನ್ನಿಂದ ಆಗಲಿಲ್ಲ. ನಿನಗೆ ನಾನೇನು ಮಾಡಲಿ ತಾಯೀ ಎಂದು ಕೇಳಿದೆ. ಅವಳು ಗಾಲಿಕುರ್ಚಿಯ ಹಿಡಿ ಹಿಡಿದು ನಿಂತು ಯೋಚಿಸಿದಳು. ಈ ಸಲ ಅವಳು ಯಾರ ಕೈಯನ್ನೂ ನೋಡಲಿಲ್ಲ.

"ನಂಗೇನೂ ಬೇಡ ಸಾರ್. ಅಪ್ಪಂಗೆ ಹೇಳಿ. ಇವತ್ತಿಗೂ ಮನೆಗೆ ಯಾರು ಬಂದ್ರೂ ಹೇಳ್ತಾರೆ, ಮೇಷ್ಟ್ರು ಅಷ್ಟು ಕಷ್ಟ ಪಟ್ರು, ಇವ್ಳೇ ಓದ್ಲಿಲ್ಲ ಅಂತ. ನನ್ನ ಮಗಳ ಎದುರಿಗೂ ಹೇಳ್ತಾರೆ. ನಾನು ಓದ್ತಿದ್ದೆ ಸಾರ್. ಒಲೆ ಮುಂದೆ ಕೂತು ಓದ್ತಿದ್ದೆ. ನಾನೇ ಇಲ್ಲ ಅಂದ್ಬಿಟ್ಟಿದೀನಲ್ಲ, ಈಗ ನಾನು ಹೇಳಿದ್ರೆ ನಂಬಲ್ಲ."

ಪಟ್ಟಿ ಬಿಚ್ಚಿದ ಮೇಲೂ ಹದಿನೈದು ದಿನ ನೆಪ ಹುಡುಕಿದೆ. ಕೊನೆಗೊಂದು ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಅರ್ಧ ಗಂಟೆಯ ದಾರಿ, ಇಪ್ಪತ್ತು ವರ್ಷ ಹಿಡಿದಿತ್ತು. ಸೇತುವೆ ದಾಟುವಾಗ ಹೊಸ ಕಣ್ಣಿಗೆ ಭದ್ರೆಯ ನೀರು ಅತಿಯಾಗಿ ಹೊಳೆದು, ಕಣ್ಣು ಮುಚ್ಚಿಕೊಂಡೆ. ಆರುಮುಗಂ ಈಗ ಹಳೇನಗರದಲ್ಲಿ ಕಿರಿಮಗನ ಜೊತೆ ಇದ್ದಾನೆ. ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದವನು ನನ್ನನ್ನು ನೋಡಿ ಏಳಲು ಹೋಗಿ, ಮಂಡಿ ನೆಟ್ಟಗಾಗದೆ, ಕೂತಲ್ಲೇ ಕೈ ಮುಗಿದ. "ವಾಂಗೋ ಮೇಷ್ಟ್ರೇ, ಬನ್ನಿ ಬನ್ನಿ. ಕಾರ್ಖಾನೆ ತಣ್ಣಗಾಯ್ತು, ನಾನೂ ತಣ್ಣಗಾದೆ, ನೀವೊಬ್ರು ಹಂಗೇ ಇದೀರಿ ನೋಡಿ." ಪಕ್ಕದ ಮನೆಯವನನ್ನು ಕರೆದು ಪರಿಚಯ ಮಾಡಿಸಿದ: "ಇವ್ರೇ ಮೇಷ್ಟ್ರು. ಒಂದ್ ಗಂಟೆಗೆ ಒಂದೇ ಮಗು. ನಮ್ ಕಸ್ತೂರಿಗೆ ಎಷ್ಟು ಕಷ್ಟ ಪಟ್ರು ಗೊತ್ತಾ..."

"ಆರುಮುಗಂ, ಅದನ್ನೇ ಹೇಳೋಕೆ ಬಂದೆ" ಎಂದೆ. ಪಕ್ಕದ ಮನೆಯವನು ಹೋದ. ನಾನು ಹೇಳಿದೆ. ಕಸ್ತೂರಿಗೆ ಹೇಳಿದಷ್ಟು ಚೆನ್ನಾಗಿ ಹೇಳಲು ಬರಲಿಲ್ಲ; ನಡುನಡುವೆ ನನ್ನನ್ನೇ ಕಾಪಾಡಿಕೊಳ್ಳುವ ಮಾತುಗಳು ನುಗ್ಗುತ್ತಿದ್ದವು, ಅವನ್ನು ಹಿಂದಕ್ಕೆ ತಳ್ಳಿ ತಳ್ಳಿ ಹೇಳಿದೆ. ಅವಳು ಓದುತ್ತಿದ್ದಳು, ನನ್ನ ಮಾನ ಉಳಿಸಲು ನಾನು ಸುಳ್ಳಾಡಿದೆ, ಮತ್ತೆ ಪರೀಕ್ಷೆ ಬೇಡವೆಂದದ್ದೂ ಅದಕ್ಕೇ ಎಂದೆ.

ಆರುಮುಗಂ ತನ್ನ ಅಂಗೈಯನ್ನು ನೋಡಿಕೊಂಡ. ಮರಳಿನ ಕರಿ ಆ ಗೆರೆಗಳಿಂದ ಇನ್ನೂ ಹೋಗಿರಲಿಲ್ಲ. ಆಮೇಲೆ ಹೇಳಿದ, "ಆ ದಿನ ಮನೆಗೆ ಹೋಗಿ ಅವ್ಳನ್ನ ಹೊಡೆದೆ ಮೇಷ್ಟ್ರೇ. ಓದ್ಲಿಲ್ಲ ಅಂತ ಅಲ್ಲ. ನಿಮ್ಮಂಥವ್ರಿಗೆ ಹೆಸರು ಕೆಡಿಸಿದ್ಲು ಅಂತ. ಹುಟ್ಟಿದಾಗಿಂದ ಕೈ ಮಾಡಿರ್ಲಿಲ್ಲ. ಅದೊಂದೇ ದಿನ." ಅಂಗೈ ಮಡಚಿ, "ಅವ್ಳು ಅಳ್ಲೂ ಇಲ್ಲ" ಎಂದ.

ಇದನ್ನು ಕಸ್ತೂರಿ ನನಗೆ ಹೇಳಿರಲಿಲ್ಲ. ನನಗೆ ಬೇಜಾರಾಗುತ್ತದೆ ಎಂದು ಇದನ್ನೂ ನುಂಗಿಕೊಂಡಿರಬೇಕು.

ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎದ್ದು ಬರುವಾಗ ಹಗುರವಾಗಿರುತ್ತಿದ್ದೆನೋ ಏನೋ. ಅವನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಹಿಂದೊಮ್ಮೆ ನಮ್ಮ ಜಗುಲಿಯಲ್ಲಿ ಕೂತು ಅವನೇ ತಮಾಷೆಗೆ ಹೇಳಿದ್ದ ಮಾತು ನನಗೆ ನೆನಪಿತ್ತು: ನಮ್ಮ ಕೆಲಸವೂ ನಿಮ್ಮ ಕೆಲಸವೂ ಒಂದೇ ಮೇಷ್ಟ್ರೇ, ಅಚ್ಚು ಕಟ್ಟೋದು, ಎರಕ ಹೊಯ್ಯೋದು, ಆದರೆ ಎರಕ ಗಟ್ಟಿಯಾದ ಮೇಲೆ ನಾವು ಅಚ್ಚನ್ನ ಒಡೆದುಬಿಡ್ತೀವಿ, ಒಡೀದಿದ್ರೆ ಒಳಗಿನ ಸಾಮಾನು ಹೊರಗೆ ಬರಲ್ಲ. ಅಂದು ನಾನು ತಲೆದೂಗಿದ್ದೆ. ಅವನಿಗೂ ಅದು ನೆನಪಾಯಿತೋ ತಿಳಿಯದು. ಒಳಗಿನಿಂದ ಸೊಸೆ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟಳು. "ಕುಡೀರಿ, ಆರಿಹೋಗುತ್ತೆ" ಎಂದ. ಅವನ ಲೋಟ ಮುಟ್ಟದೆಯೇ ಇತ್ತು. ಹೊರಟಾಗ ಎಂದಿನಂತೆ ಮತ್ತೆ ಬನ್ನಿ ಎನ್ನಲಿಲ್ಲ. ಮೇಷ್ಟ್ರೇ ಎಂದೂ ಕರೆಯಲಿಲ್ಲ. "ನಿಧಾನಕ್ಕೆ ಹೋಗಿ, ಕಣ್ಣು ಹುಷಾರು" ಎಂದ, ಅಷ್ಟೆ.

ಎರಡು ದಿನಗಳ ಮೇಲೆ ಕಸ್ತೂರಿಯ ಫೋನು ಬಂತು. "ಅಪ್ಪ ಫೋನ್ ಮಾಡಿದ್ರು ಸಾರ್. ಅವ್ರಾಗೇ ಮಾಡಿದ್ದು ಇದೇ ಮೊದ್ಲು. ಏನೂ ಮಾತಾಡ್ಲಿಲ್ಲ. ಊಟ ಆಯ್ತಾ ಅಂದ್ರು, ಆಯ್ತು ಅಂದೆ. ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ ಇಟ್ರು." ಅವಳೂ ಸುಮ್ಮನಾದಳು. ಆ ಮೌನವನ್ನು ನಾನು ಮೊದಲ ಬಾರಿಗೆ ತಪ್ಪು ಎಂದು ಓದಲಿಲ್ಲ. ಆದರೆ ಸರಿ ಎಂದು ಓದುವ ಹಕ್ಕೂ ನನಗಿರಲಿಲ್ಲ.

ನೀವು ಕೇಳಬಹುದು, ಹೇಳಿದ್ದರಿಂದ ಏನಾಯಿತು ಎಂದು. ಕಸ್ತೂರಿ ನರ್ಸ್ ಆಗಲಿಲ್ಲ, ಇನ್ನು ಆಗುವುದೂ ಇಲ್ಲ. ಮೊಣಕಾಲು ನೋವಿನ ಮುದುಕನೊಬ್ಬನ ಅಂಗೈಗೆ ಒಂದು ಹೊಸ ಉರಿ ಕೊಟ್ಟು ಬಂದೆ. ನನ್ನ ಹೊರೆಯನ್ನು ಇಳಿಸಿದೆನೋ, ಅವನ ತಲೆಗೆ ದಾಟಿಸಿದೆನೋ, ನಿಜವಾಗಿಯೂ ತಿಳಿಯುತ್ತಿಲ್ಲ. ಸತ್ಯಕ್ಕೂ ಒಂದು ಹೊತ್ತು ಇರುತ್ತದೆ. ಹೊತ್ತು ಮೀರಿ ಬಡಿಸಿದ ಅನ್ನ ಹಸಿದವನಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಅವಳ ಮಗಳ ಎದುರಿಗೆ ಅಜ್ಜ ಆ ಹಳೆಯ ಮಾತನ್ನು ಇನ್ನು ಆಡಲಾರ. ನನ್ನಿಂದ ಆಗಿದ್ದು ಅಷ್ಟು.

ಈಗ ಸಂಜೆ ಹೊತ್ತು ಸಿರಿ ಟ್ಯಾಬನ್ನು ಒಳಗಿಟ್ಟು, ನೋಟುಪುಸ್ತಕ ತಂದು, ಈ ಹಲಸಿನ ಮೇಜಿಗೆ ಕೂರುತ್ತಾಳೆ. ನಾನೇ ಅವಳ ಅಮ್ಮನಿಗೆ ಹೇಳಿ ಹಾಗೆ ಮಾಡಿಸಿದ್ದು. ಹುಳ ತಿಂದಿದ್ದಲ್ಲ, ನಾನೇ ಕೊರೆದಿದ್ದು ಎಂದು ಕುಳಿಯ ಕಥೆಯನ್ನೂ ಅವಳಿಗೆ ಹೇಳಿದ್ದೇನೆ. ಎಲ್ಲವನ್ನೂ ಕೇಳಿ ಅವಳು ಕೇಳಿದ್ದು ಒಂದೇ, "ಆ ಅಕ್ಕ ಯಾವ ಕಡೆ ಕೂರ್ತಿದ್ರು ತಾತ?" ತೋರಿಸಿದೆ. ಆ ಬದಿಯಲ್ಲಿ ಮರ ನುಣ್ಣಗಿದೆ, ಒಂದು ಗೀರೂ ಇಲ್ಲ. ಎರಡು ವರ್ಷ ಅಲ್ಲಿ ಕೂತ ಮಗು ಒಂದು ಗುರುತೂ ಮೂಡಿಸದ ಹಾಗೆ ನೋಡಿಕೊಂಡಿದ್ದೆನಲ್ಲ ನಾನು. ಸಿರಿ ಅಲ್ಲೇ ಹೋಗಿ ಕೂತಳು.

ನಿನ್ನೆ ಭಿನ್ನರಾಶಿ. ನಾನು ಎದುರಿಗೆ ಕೂರುವುದಿಲ್ಲ, ಪಕ್ಕಕ್ಕೆ ಸರಿದು, ಗೋಡೆಗೆ ಒರಗಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಮೂರನೇ ಸಾಲಿನಲ್ಲೇ ಅವಳು ತಪ್ಪಿದಳು. ನನ್ನ ಬೆರಳುಗಳು ತೊಡೆಯ ಕೆಳಗೆ ಒದ್ದಾಡಿದವು. ಎಪ್ಪತ್ಮೂರು ವರ್ಷದ ಕೈ, ಇನ್ನೂ ಬುದ್ಧಿ ಬಂದಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಹಾಗೇ ಮುಂದುವರಿದು, ಪುಟದ ಕೆಳಗಿನವರೆಗೂ ತಪ್ಪನ್ನು ನಡೆಸಿಕೊಂಡು ಹೋದಳು. ಕೊನೆಯ ಸಾಲಿಗೆ ಬಂದಾಗ ಪೆನ್ಸಿಲು ನಿಂತಿತು. ಅವಳ ಹುಬ್ಬು ಗಂಟಿಕ್ಕಿತು. "ಏ, ಇದು ಹೆಂಗೆ ಇಷ್ಟು ದೊಡ್ಡದು ಬರುತ್ತೆ" ಎಂದು ತನಗೆ ತಾನೇ ಗೊಣಗಿಕೊಂಡು, ರಬ್ಬರಿಗಾಗಿ ತಡಕಾಡಿದಳು. ಸವೆದು ಚಿಕ್ಕದಾದ ರಬ್ಬರು ಕುಳಿಯಲ್ಲಿತ್ತು. ನನ್ನನ್ನು ಕೇಳದೆ ತಾನೇ ಕೈ ಚಾಚಿ ತೆಗೆದುಕೊಂಡಳು.